ನೊರೆಯಕ್ಕನ ಹತ್ತು ಬೆರಳು

ಆ ಪಾರ್ಲರಿಗೆ ಕೂದಲು ಕತ್ತರಿಸುವವರು ಬಂದರು, ಹೋದರು. ಬಣ್ಣ ಹಚ್ಚುವವರು ಬಂದರು, ಹೋದರು. ಗೋಡೆಯ ಬಣ್ಣವೇ ನಾಲ್ಕು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಒಳಕೋಣೆಯ ವಾಷ್ ಬೇಸಿನ್ ಮತ್ತು ಅದರ ಹಿಂದೆ ನಿಂತ ನೊರೆಯಕ್ಕ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ, ಬಂದವರ ತಲೆಯನ್ನು ಹಿಂದಕ್ಕೆ ಒರಗಿಸಿಕೊಂಡು ತೊಳೆಯುವುದು. ಸುತ್ತಮುತ್ತಲ ಅರ್ಧ ಹೆಂಗಸರ ಮುಖವನ್ನು ಅವಳು ತಲೆಕೆಳಗಾಗಿಯೇ ಬಲ್ಲಳು. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ, ಯಾರಿವರು ಎಂದು ಗುರುತು ಹಿಡಿಯಲು ಅವಳ ಕುತ್ತಿಗೆ ತಾನಾಗಿಯೇ ಒಂದು ಕಡೆಗೆ ವಾಲುತ್ತಿತ್ತು.

ಅವಳಿಗೊಂದು ನಿಜವಾದ ಹೆಸರೂ ಇತ್ತು, ಸಂಬಳದ ಪಟ್ಟಿಯಲ್ಲಿ. ಉಳಿದಂತೆ ಎಲ್ಲರಿಗೂ ಅವಳು ನೊರೆಯಕ್ಕ. ಅಷ್ಟು ನೊರೆ ಎಬ್ಬಿಸುವ ಕೈ ಇನ್ನೊಂದಿರಲಿಲ್ಲ. ಕಡಲೆಕಾಳಿನಷ್ಟು ಶಾಂಪೂ ತೆಗೆದುಕೊಂಡು ತಲೆಯ ಮೇಲೆ ಮೋಡ ಕಟ್ಟುತ್ತಿದ್ದಳು. ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಅವಳಿಗಿಂತ ಮೊದಲು ಅದೇ ಬೇಸಿನ್ನಿನ ಹಿಂದೆ ನಿಂತಿದ್ದ ಮುದುಕಿ. ಆ ಮುದುಕಿ ಬಿಟ್ಟು ಹೋದ ಸೂತ್ರವೂ ಒಂದಿತ್ತು: ಮೊದಲ ನೊರೆ ಕೊಳೆಯದು, ಎರಡನೇ ನೊರೆ ತಲೆಯದು. ಕೊಳೆ ಇರುವ ತಲೆಯಲ್ಲಿ ನೊರೆ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ತೊಳೆದು ಮತ್ತೊಮ್ಮೆ ಹಾಕಿದಾಗ ಎದ್ದು ನಿಂತರೆ ತಲೆ ಶುದ್ಧ ಎಂದರ್ಥ. ಎರಡನೇ ನೊರೆ ಕಾಣುವವರೆಗೂ ತಲೆ ಬಿಡಬೇಡ ಎಂದು ಮುದುಕಿ ಹೇಳಿದ್ದಳು. ನೊರೆಯಕ್ಕ ಒಂದು ದಿನವೂ ಬಿಟ್ಟವಳಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ನೊರೆಯಾದರೆ ಏನಾಗುತ್ತದೆ ಎಂದು ಯಾರೂ ಗಾದೆ ಕಟ್ಟಿರಲಿಲ್ಲ, ಆದ್ದರಿಂದ ಅವಳಿಗೂ ತಿಳಿದಿರಲಿಲ್ಲ. ಮೊದಲು ಬೆರಳ ಸಂದುಗಳಲ್ಲಿ ಸಣ್ಣ ನವೆ ಶುರುವಾಯಿತು. ಆಮೇಲೆ ಚರ್ಮ ಒಣಗಿ, ಕೆಂಪಾಗಿ, ಗಡುಸಾಗಿ, ಬೆರಳಿನ ಮಡಿಕೆಗಳಲ್ಲಿ ಬಿರಿಯತೊಡಗಿತು. ಬೆರಳ ತುದಿಗಳಂತೂ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪಗಟ್ಟಿದವು. ಪಾರ್ಲರಿನ ಬಾಗಿಲಲ್ಲಿ ಹಾಜರಿಗೆಂದು ಹೆಬ್ಬೆರಳು ಒತ್ತುವ ಯಂತ್ರ ಕೂರಿಸಿದ ಮೇಲೆ ಹೊಸದೊಂದು ಗೋಳು ಶುರುವಾಯಿತು. ಬೇರೆಯವರು ಒತ್ತಿದರೆ ಟಿಣ್ ಎನ್ನುತ್ತಿದ್ದ ಯಂತ್ರ ಇವಳು ಒತ್ತಿದರೆ ಮಾತ್ರ 'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎನ್ನುತ್ತಿತ್ತು. ದಿನಾ ಬೆಳಿಗ್ಗೆ ಐದಾರು ಸಲ ಪ್ರಯತ್ನಿಸಿ, ಕೊನೆಗೆ ಆ ಯಂತ್ರಕ್ಕೆ ಎರಡು ಮಾತು ಬೈದು, ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ ದುಡಿದ ಜಾಗದಲ್ಲಿ ನೀನು ಯಾರೋ ಗೊತ್ತಿಲ್ಲ ಎಂದು ಡಬ್ಬಿಯಿಂದ ಅನ್ನಿಸಿಕೊಳ್ಳುವುದು ಅವಳಿಗೆ ಚುಚ್ಚುತ್ತಿತ್ತು.

ಕೈ ಹೀಗಾಗಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೇಸಿನ್ ಹೋಗುತ್ತದೆ, ಬೇಸಿನ್ ಹೋದರೆ ತಾನೇನು ಎಂಬ ಭಯ. ಐವತ್ತು ದಾಟಿದ ಮೇಲೆ ಹೊಸ ಕೆಲಸ ಕಲಿಯುವ ಧೈರ್ಯ ಅವಳಲ್ಲಿರಲಿಲ್ಲ, ಹಳೆಯದನ್ನು ಬಿಡುವ ಧೈರ್ಯವಂತೂ ಇರಲೇ ಇಲ್ಲ. ಮಾತಾಡುವಾಗ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಊಟವನ್ನು ಎಲ್ಲರೂ ಮುಗಿಸಿದ ಮೇಲೆ ಒಬ್ಬಳೇ ಮಾಡುತ್ತಿದ್ದಳು. ರಬ್ಬರ್ ಗ್ಲೌಸ್ ಹಾಕಿಯೂ ನೋಡಿದ್ದಳು. ಕೂದಲು ಸಿಕ್ಕಿಹಾಕಿಕೊಂಡು ಬ್ಯಾಂಕಿನ ಹೆಂಗಸೊಬ್ಬಳು ಕುರ್ಚಿಯಿಂದ ಅರ್ಧ ಎದ್ದಳು. ಜೊತೆಗೆ ಆ ರಬ್ಬರಿಗೆ ನವೆ ಮೊಣಕೈಯವರೆಗೂ ಹತ್ತಿತು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಒಂದು ಬಿಳಿ ಟವೆಲು. ಒಂದು ಶನಿವಾರ ಗಿರಾಕಿಯ ತಲೆ ಒರೆಸಿ ತೆಗೆದಾಗ ಅದರ ಮೇಲೆ ನಾಲ್ಕು ಕೆಂಪು ಚುಕ್ಕೆಗಳಿದ್ದವು. ಗಿರಾಕಿ ತನ್ನ ತಲೆಗೇ ಗಾಯವಾಯಿತೆಂದು ಗಾಬರಿಯಾದಳು. ಪಾರ್ಲರಿನ ಮೇಡಂ ಓಡಿ ಬಂದು ತಲೆ ನೋಡಿದಳು, ಟವೆಲು ನೋಡಿದಳು, ಆಮೇಲೆ ನೊರೆಯಕ್ಕನ ಏಪ್ರನ್ನಿನ ಜೇಬು ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರಲ್ಲ. ಗೋಡೆಯಿಂದ ಗೋಡೆಗೆ ಕನ್ನಡಿಯೇ ಇದ್ದ ಆ ಪಾರ್ಲರಿನಲ್ಲಿ ಎರಡು ವರ್ಷ ಯಾರ ಕಣ್ಣಿಗೂ ಬೀಳದ ಹುಣ್ಣು ಅವತ್ತು ಹತ್ತು ಕನ್ನಡಿಯಲ್ಲಿ ಒಟ್ಟಿಗೆ ಕಂಡಿತು.

ಮೇಡಂ ಕೆಟ್ಟವಳಲ್ಲ. ಬೈಯಲಿಲ್ಲ. ಚರ್ಮದ ಡಾಕ್ಟರ ವಿಳಾಸವನ್ನು ತಾನೇ ಬರೆದುಕೊಟ್ಟಳು. ಆಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಬೇಕಾದದ್ದನ್ನು ಹೇಳಿದಳು.

"ಒಂದು ತಿಂಗಳು ರಜೆ ತಗೊಳ್ಳಿ ಅಕ್ಕ. ವಾಸಿ ಆದ್ರೆ ಬನ್ನಿ, ಬೇಸಿನ್ ನಿಮ್ಮದೇ. ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಡಾಕ್ಟರು ಬೆನ್ನ ಮೇಲೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ಕಿತ್ತು ನೋಡಿ, ಶಾಂಪೂವಿನೊಳಗಿನ ಯಾವುದೋ ವಸ್ತು ಇವಳ ಚರ್ಮಕ್ಕೆ ಆಗಿಬರುವುದಿಲ್ಲ ಎಂದರು. ಮುಟ್ಟದಿದ್ದರೆ ವಾಸಿಯಾಗುತ್ತದೆ, ಮುಟ್ಟಿದರೆ ಮತ್ತೆ ಬರುತ್ತದೆ, ಇದಿಷ್ಟೇ ಸಂಗತಿ. ಮುಲಾಮು ಕೊಟ್ಟರು, ಮಲಗುವಾಗ ಹಾಕಿಕೊಳ್ಳಲು ಹತ್ತಿಯ ಕೈಗವಸು ಹೇಳಿದರು. ಶಾಂಪೂ ಮುಟ್ಟದೆ ತಲೆ ತೊಳೆಯುವುದು ಹೇಗೆ ಎಂದು ಅವಳು ಕೇಳಿದಾಗ ಡಾಕ್ಟರು ನಕ್ಕು, ಅದನ್ನು ನನಗಿಂತ ನೀವೇ ಬಲ್ಲಿರಿ ಎಂದರು. ಹುಚ್ಚು ಬಿಡದ ಹೊರತು ಮದುವೆಯಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ ಎಂದುಕೊಳ್ಳುತ್ತಾ ನೊರೆಯಕ್ಕ ಮನೆಗೆ ಬಂದಳು.

ಮನೆಯಲ್ಲಿದ್ದವರು ಇಬ್ಬರು, ಬಸ್ಸಿನ ಡ್ರೈವರ್ ಗಂಡ ಮತ್ತು ಅವನ ತಾಯಿ. ಗಂಡನದು ಬೋಳು ತಲೆ. ಊರಿಗೆಲ್ಲ ತಲೆ ತೊಳೆಯುವವಳ ಮನೆಯಲ್ಲಿ ತೊಳೆಯಲು ತಲೆಯಿಲ್ಲ ಎಂಬುದು ಅವರ ಮದುವೆಯಷ್ಟೇ ಹಳೆಯ ಹಾಸ್ಯ. ಮೂರನೇ ದಿನಕ್ಕೆ ಅವಳು ತನ್ನದೇ ತಲೆ ತೊಳೆದುಕೊಳ್ಳಬೇಕಾಯಿತು. ಶಾಂಪೂ ಬಾಟಲಿಗೆ ಕೈ ಹಾಕಿದವಳು ಹಾಗೇ ನಿಂತಳು. ನಿಂತಲ್ಲೇ ಒಂದು ಯೋಚನೆ ಬಂತು: ಶಾಂಪೂ ಹುಟ್ಟುವ ಮೊದಲೂ ಜನಕ್ಕೆ ತಲೆ ಇತ್ತಲ್ಲ? ಬೇರೆ ಏನಾದರೂ ಹಾಕಿ ತೊಳೆಯುವುದನ್ನು ಕಲಿತರೆ ಕೈಯೂ ಉಳಿದೀತು, ಬೇಸಿನ್ನೂ ಉಳಿದೀತು.

ಹಳೆಯ ಕಾಲದ ವಿದ್ಯೆ ಹಳೆಯ ತಲೆಯಲ್ಲಿ ತಾನೇ ಇರಬೇಕು? ಅತ್ತೆಯನ್ನು ಕೇಳಿದಳು. ನಿಮ್ಮ ಕಾಲದಲ್ಲಿ ತಲೆಗೆ ಏನು ಹಾಕುತ್ತಿದ್ದಿರಿ ಎಂದರೆ ಅತ್ತೆ ಬಹಳ ಹೊತ್ತು ನೆನಪು ಮಾಡಿಕೊಂಡರು.

"ಬಟ್ಟೆ ಸೋಪು," ಅಂದರು. "ಬಟ್ಟೆ ಒಗೆದು ಉಳಿದ ಚೂರನ್ನೇ ತಲೆಗೂ ತಿಕ್ಕೋತಿದ್ವಿ. ನಿಮ್ಮ ಹಾಗೆ ನಾಜೂಕೆಲ್ಲ ಎಲ್ಲಿತ್ತು ನಮಗೆ."

ಪೂರ್ವಜರ ಜ್ಞಾನ ಅಲ್ಲಿಗೆ ಮುಗಿಯಿತು. ಉಳಿದದ್ದು ಅಕ್ಕಪಕ್ಕದವರ ಜ್ಞಾನ, ಅದಕ್ಕೇನೂ ಬರವಿರಲಿಲ್ಲ. ಹತ್ತು ಜನ ಹತ್ತು ಮಾತು ಹೇಳಿದರು. ಮೇಲಿನ ಮನೆಯ ದರ್ಜಿ ನಿಂಬೆರಸ ಎಂದಳು. ನಿಂಬೆರಸ ಬಿರಿದ ಬೆರಳಿಗೆ ತಾಗಿದಾಗ ನೊರೆಯಕ್ಕನಿಗೆ ಹಗಲಿನಲ್ಲೇ ನಕ್ಷತ್ರ ಕಂಡವು. ಹಾಲು ಹಾಕುವವಳು ಜೇಡಿಮಣ್ಣು ಎಂದಳು. ತಲೆಯೇನೋ ಹಗುರವಾಯಿತು, ಬಚ್ಚಲ ತೂಬು ಕಟ್ಟಿಕೊಂಡಿತು, ಗಂಡ ರಜೆಯ ದಿನವಿಡೀ ಮಂಡಿಯೂರಿ ಕುಳಿತು ತಂತಿ ಹಾಕಿ ತೋಡಿದ. ತನ್ನ ತಲೆಯಲ್ಲಿ ಒಂದು ಕೂದಲೂ ಇಲ್ಲದೆ ಕೂದಲಿನಿಂದ ಇಷ್ಟು ಕಷ್ಟಪಟ್ಟ ಗಂಡಸು ಲೋಕದಲ್ಲಿ ಬೇರೊಬ್ಬನಿಲ್ಲ ಎಂದು ಅವನು ತೂಬಿಗೇ ಹೇಳಿಕೊಂಡ. ಅಂಟುವಾಳದ ಕಾಯಿ ನೆನೆಸಿ ಹಿಂಡಿದ ನೀರಿನಲ್ಲಿ ಒಂದಿಷ್ಟು ನೊರೆ ಎದ್ದಿತು. ಅದನ್ನು ಕಂಡು ಹಳೆಯ ಗೆಳತಿ ಸಿಕ್ಕಷ್ಟು ಹಿಗ್ಗಿದವಳು ಸೋಸುವುದನ್ನು ಮರೆತು ತಲೆಗೆ ಸುರಿದುಕೊಂಡಳು. ಕಣ್ಣಿಗೆ ಹೋಯಿತು. ಆ ಸಂಜೆಯೆಲ್ಲ ಕಣ್ಣು ಕೆಂಪು ಮಾಡಿಕೊಂಡು ಕುಳಿತ ಸೊಸೆಯನ್ನು ಕಂಡು, ಮಗ ಏನಾದರೂ ಅಂದನೇನೋ ಎಂದು ಅತ್ತೆ ಅವನಿಗೆ ಬೈದರು.

ಪ್ರಯೋಗಕ್ಕೊಂದು ಕ್ರಮ ಮಾತ್ರ ಇತ್ತು. ಗಿಡದಿಂದ ಬಂದದ್ದೆಲ್ಲ ಸಾಧು ಅಂದುಕೊಳ್ಳಬೇಡಿ, ಮೊದಲು ಮೊಣಕೈ ಮಡಿಕೆಯಲ್ಲಿ ಹಚ್ಚಿ ಎರಡು ದಿನ ನೋಡಿ ಎಂದು ಡಾಕ್ಟರು ಹೇಳಿದ್ದರು. ನಿಂಬೆರಸಕ್ಕೂ ಜೇಡಿಮಣ್ಣಿಗೂ ಅವಸರಪಟ್ಟು ಅನುಭವಿಸಿದ ಮೇಲೆ ಅವಳು ಆ ಮಾತನ್ನು ಪಾಲಿಸಿದಳು. ಅಂಟುವಾಳದ ನೀರು, ಸೀಗೆಪುಡಿ, ದಾಸವಾಳದ ಎಲೆ ಹಚ್ಚಿದ ಜಾಗಗಳೆಲ್ಲ ಕೆಂಪಾದವು, ಬಿಟ್ಟಳು. ಹೆಸರುಕಾಳಿನ ಹಿಟ್ಟು ಹಚ್ಚಿದ ಜಾಗ ಮಾತ್ರ ಎರಡನೆಯ ದಿನವೂ ಮೊದಲಿನ ಹಾಗೆಯೇ ಇತ್ತು.

ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಲೆಗೆ ಹಚ್ಚಿಕೊಂಡಳು, ತಿಕ್ಕಿದಳು, ತೊಳೆದಳು. ನೊರೆ ಬರಲಿಲ್ಲ, ಆದರೆ ಒಣಗಿದ ಮೇಲೆ ಕೂದಲು ಹಗುರವಾಗಿತ್ತು, ಎಣ್ಣೆಯ ಜಿಡ್ಡಿರಲಿಲ್ಲ. ಬಸ್ಸಿನಿಂದ ಬಂದ ಗಂಡ, ಏನೇ ಇದು, ಹೊಸ ಶಾಂಪೂನಾ ಅಂದ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟು ಹೊತ್ತಿಗೆ ಮೂರು ವಾರ ಶಾಂಪೂ ಮುಟ್ಟದ ಬೆರಳುಗಳಲ್ಲಿ ಬಿರುಕುಗಳೂ ಮುಚ್ಚತೊಡಗಿದ್ದವು. ಗಡುಸು ಮಾತ್ರ ಹಾಗೇ ಇತ್ತು.

ಪಾರ್ಲರಿಗೆ ಹೋಗಿ ಮೇಡಂ ಮುಂದೆ ಕೈಗಳನ್ನು ಸೆರಗಿನಡಿಯಿಂದ ತೆಗೆದು ಚಾಚಿದಳು. ಶಾಂಪೂ ಇಲ್ಲದೆ ತೊಳೆಯುತ್ತೇನೆ, ಒಂದು ಸಲ ನೋಡಿ ಎಂದಳು. ಮೇಡಂಗೆ ನಂಬಿಕೆ ಬರಲಿಲ್ಲ. ಗಿರಾಕಿಗಳ ತಲೆಯ ಮೇಲೆ ಹಿಟ್ಟು ಕಲಸಲು ಇದು ಅಡಿಗೆಮನೆಯೇ ಎಂದು ಕೇಳಿದಳು. ಕೊನೆಗೆ, ಯಾರಾದರೂ ತಾವಾಗಿ ಒಪ್ಪಿದರೆ ಒಂದು ಸಲ ನೋಡೋಣ, ಅದೂ ಕೆಟ್ಟರೆ ಮಾತು ಅಲ್ಲಿಗೆ ಮುಗಿಯಿತು ಎಂದಳು.

ಒಪ್ಪಿದವರು ಅಂಚೆಯಮ್ಮ. ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ, ಅದೇ ಕಚೇರಿಯ ಮುಖ್ಯಸ್ಥೆಯಾಗಿ ನಿವೃತ್ತರಾದ ಹೆಂಗಸು. ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಹಾಗಾಗಿ ಹದಿನೈದು ವರ್ಷದಿಂದ ಪ್ರತಿ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಬಂದು ನೊರೆಯಕ್ಕನ ಕೈಗೆ ತಲೆ ಒಪ್ಪಿಸುತ್ತಿದ್ದರು. ಸೊಂಟ ಮುಟ್ಟುವ ಬೆಳ್ಳನೆಯ ಕೂದಲು. ಮಾತು ಕಡಿಮೆ. ಬೇಸಿನ್ನಿಗೆ ಒರಗಿದ ಕೂಡಲೇ ಕಣ್ಣು ಮುಚ್ಚಿ, "ಎಡಗಡೆ ಸ್ವಲ್ಪ ಮೆಲ್ಲಗೆ" ಎನ್ನುತ್ತಿದ್ದರು. ಪ್ರತಿ ಗುರುವಾರವೂ ಅದೇ ಮಾತು. ದೊಡ್ಡ ಹುದ್ದೆಯಲ್ಲಿದ್ದವರಿಗೆ ಏನಾದರೊಂದು ಅಪ್ಪಣೆ ಕೊಡದೆ ಇರಲಾಗುವುದಿಲ್ಲ ಎಂದುಕೊಂಡು ನೊರೆಯಕ್ಕ ಎಡಗಡೆ ಮೆಲ್ಲಗೆ ತಿಕ್ಕುತ್ತಿದ್ದಳು.

ಆ ಗುರುವಾರ ಅವಳು ಹಿಟ್ಟಿನ ಡಬ್ಬಿ ಹಿಡಿದುಕೊಂಡು ಒಂದು ಗಂಟೆ ಮೊದಲೇ ಬಂದಳು. ಮನೆಯಲ್ಲಿ ಮಾಡಿದ ಹಾಗೆಯೇ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮನೆಯ ಬಚ್ಚಲಿನಲ್ಲಿ ಅವಳು ಬರೀ ಹೆಂಗಸು, ಬೇಸಿನ್ನಿನ ಹಿಂದೆ ನಿಂತರೆ ನೊರೆಯಕ್ಕ. ಹಿಟ್ಟು ಕಲಸಿ ಹಚ್ಚಿದಳು, ತಿಕ್ಕಿದಳು, ಕಣ್ಣು ತನ್ನಷ್ಟಕ್ಕೆ ನೊರೆ ಹುಡುಕಿತು. ಇಲ್ಲ. ಮೊದಲ ಸಲ ಬರದಿರುವುದು ಸಹಜ ಎಂದು ಇನ್ನೊಂದು ಬಟ್ಟಲು ಹಚ್ಚಿದಳು. ಆಗಲೂ ಇಲ್ಲ. ಎರಡನೇ ನೊರೆ ಕಾಣುವವರೆಗೂ ತಲೆ ಬಿಡಬೇಡ ಎಂಬ ಮುದುಕಿಯ ಮಾತು ಇಪ್ಪತ್ತೆರಡು ವರ್ಷದಿಂದ ಕೈಯಲ್ಲೇ ಕೂತಿತ್ತು. ಹಿಟ್ಟಿಗೆ ನೊರೆಯೇ ಇಲ್ಲ ಎಂಬುದು ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಹಿಂದೆ ಮೇಡಂ ನಿಂತು ನೋಡುತ್ತಿದ್ದಾಳೆ ಬೇರೆ. ಮೂರನೆಯ ಬಟ್ಟಲನ್ನು ಕೆಟಲಿನ ಬಿಸಿನೀರಿನಲ್ಲಿ ಕಲಸಿದಳು, ಬಿಸಿಗಾದರೂ ನೊರೆ ಏಳಲಿ ಎಂದು. ಅದು ಗಂಜಿಯ ಹಾಗೆ ಮಂದವಾಯಿತು. ಪಾರ್ಲರಿನ ದುಬಾರಿ ಕ್ರೀಮುಗಳೂ ಹೀಗೇ ಮಂದವಾಗಿರುತ್ತವಲ್ಲ ಎಂದು ಅವಳಿಗೆ ಧೈರ್ಯ ಬಂತು. ಆರಿಸಿ, ಹಚ್ಚಿ, ಆ ಕ್ರೀಮುಗಳಿಗೆ ಮಾಡುವಂತೆಯೇ ಅಂಚೆಯಮ್ಮನ ತಲೆಯನ್ನು ಹಬೆಯ ಯಂತ್ರದ ಟೋಪಿಯೊಳಗೆ ಹತ್ತು ನಿಮಿಷ ಇಟ್ಟಳು.

ಟೋಪಿ ತೆಗೆದಾಗ ತಲೆ ಒಂದೇ ಗಡ್ಡೆಯಾಗಿತ್ತು. ಕೂದಲಿಗೆ ಕೂದಲು, ಎಳೆಗೆ ಎಳೆ ಅಂಟಿಕೊಂಡು ಕುಳಿತಿದ್ದವು. ನೊರೆಯಕ್ಕ ಬೆರಳು ಹಾಕಿದರೆ ಬೆರಳು ಒಳಗೆ ಹೋಗಲಿಲ್ಲ. ಮೇಡಂ ಕೈಯನ್ನು ಬಾಯಿಯ ಮೇಲಿಟ್ಟುಕೊಂಡಳು. ಆ ಉದ್ದದ ಬೆಳ್ಳಿಯಂಥ ಕೂದಲನ್ನು ಕತ್ತರಿಸಿಯೇ ಬಿಡಿಸಬೇಕೇನೋ ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೆ ಬಂತು.

ಅಂಚೆಯಮ್ಮ ಕಣ್ಣು ಮುಚ್ಚಿಕೊಂಡೇ ಮೂಗು ಅರಳಿಸಿದರು.

"ಇದು ಅಂಟು," ಅಂದರು. "ಪೋಸ್ಟಾಫೀಸಲ್ಲಿ ಹಿಟ್ಟು ಕಾಯಿಸಿ ಅಂಟು ಮಾಡಿ, ಅದೆಷ್ಟು ವರ್ಷ ಪಾರ್ಸೆಲ್ ಮೇಲೆ ಚೀಟಿ ಹಚ್ಚಿದ್ದೀನಿ. ವಾಸನೆ ಗೊತ್ತಾಗಲ್ವಾ ನಂಗೆ? ಈಗ ನನ್ನನ್ನ ಯಾವ ಊರಿಗೆ ಕಳಿಸ್ತಿದೀಯ, ಅದನ್ನಾದ್ರೂ ಹೇಳಮ್ಮ."

ಯಾರಿಗೂ ನಗಲು ಧೈರ್ಯವಾಗಲಿಲ್ಲ. ಅಂಚೆಯಮ್ಮನೇ ಉಪಾಯವನ್ನೂ ಹೇಳಿದರು. ತಪ್ಪಾಗಿ ಅಂಟಿಸಿದ ಚೀಟಿಯನ್ನು ಕೆರೆದು ತೆಗೆದರೆ ಹರಿಯುತ್ತದೆ, ನೀರಿನಲ್ಲಿ ನೆನೆಸಿಟ್ಟು ಕಾದರೆ ತಾನಾಗಿ ಜಾರುತ್ತದೆ. ಬಾಚಣಿಗೆ ಬೇಡ, ಬಿಸಿನೀರು ಬೇಡ, ಅವಸರವಂತೂ ಬೇಡವೇ ಬೇಡ. ನೊರೆಯಕ್ಕ ಬೇಸಿನ್ನಿನ ತೂತು ಮುಚ್ಚಿ, ಚಳಿ ಹಿಡಿಯದಷ್ಟು ಬೆಚ್ಚಗಿನ ನೀರು ತುಂಬಿ ಅದರಲ್ಲಿ ಕೂದಲನ್ನು ಮುಳುಗಿಸಿದಳು. ಆಮೇಲೆ ಒಂದೊಂದೇ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಹೋದಳು. ನೀರು ಹಾಲಿನ ಹಾಗೆ ಬೆಳ್ಳಗಾದಾಗ ಬಿಟ್ಟು ಹೊಸದಾಗಿ ತುಂಬಿಸಿದಳು. ಏಳು ಸಲ ತುಂಬಿಸಿದಳು. ಗಡಿಯಾರದಲ್ಲಿ ಒಂದೂ ಮುಕ್ಕಾಲು ಗಂಟೆ ಕಳೆಯಿತು. ಉಳಿದ ಗಿರಾಕಿಗಳಿಗೆ ಮೇಡಂ ಏನೇನೋ ಸಬೂಬು ಹೇಳಿ ಕಳುಹಿಸಿದಳು.

ಕೊನೆಯ ಗಂಟು ಬಿಡಿಸಿದಾಗ ನೊರೆಯಕ್ಕನ ಕಣ್ಣಿಂದ ನೀರು ಇಳಿದು ಬೇಸಿನ್ನಿಗೇ ಬಿತ್ತು. ಒಂದು ಅವಕಾಶ ಕೇಳಿದ್ದಳು, ಅದನ್ನು ತನ್ನ ಕೈಯಾರೆ ಹಾಳು ಮಾಡಿದ್ದಳು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಎರಡು ವರ್ಷದ ನವೆ, ಬಿರುಕು, ಟವೆಲಿನ ಮೇಲಿನ ರಕ್ತ, ಮೇಡಂ ಕೊಟ್ಟ ತಿಂಗಳು, ಎಲ್ಲವನ್ನೂ ತಲೆಕೆಳಗಾಗಿ ಕಾಣುವ ಆ ಮುಖಕ್ಕೆ ಹೇಳಿದಳು. ಇದೇ ಕೊನೆಯ ಗುರುವಾರ ಅಮ್ಮ, ಮುಂದಿನ ವಾರದಿಂದ ಶಾಂಪೂ ಹಾಕಿ ನೊರೆ ಬರಿಸುವವರು ಬೇರೆ ಇರುತ್ತಾರೆ ಎಂದಳು.

ಅಂಚೆಯಮ್ಮ ಕಣ್ಣು ಬಿಟ್ಟರು.

"ಬರೀ ನೊರೆ ಬೇಕಿದ್ರೆ ಮನೇಲಿ ನನ್ನ ತಂಗಿ ಹಾಕ್ತಾಳೆ. ಹದಿನೈದು ವರ್ಷದಿಂದ ನಾನು ನೊರೆಗೆ ಬರ್ತಿಲ್ಲ, ನಿನ್ನ ಕೈಗೆ ಬರ್ತಿದೀನಿ. ಇವತ್ತು ಒಂದು ಕೂದಲೂ ಕಿತ್ತು ಬರದ ಹಾಗೆ ಅಂಟು ಬಿಡಿಸಿದೆಯಲ್ಲ, ಅದು ಶಾಂಪೂ ಮಾಡಿದ ಕೆಲಸವಾ? ಮುಂದಿನ ಗುರುವಾರ ಹತ್ತೂವರೆಗೆ ಬರ್ತೀನಿ. ಹಿಟ್ಟನ್ನ ತೆಳ್ಳಗೆ ಕಲಸು, ಅಷ್ಟೇ."

ಹೀಗೆ ಹೇಳಿ ಅವರು ಬಾಗಿಲಲ್ಲಿ ನಿಂತಿದ್ದ ಮೇಡಂ ಕಡೆಗೂ ಒಮ್ಮೆ ನೋಡಿದರು. ಮೂವತ್ತನಾಲ್ಕು ವರ್ಷ ಕೌಂಟರಿನ ಆಚೆಯಿಂದ ಜನರನ್ನು ಸಾಲಿನಲ್ಲಿ ನಿಲ್ಲಿಸಿದ ನೋಟ ಅದು. ಮೇಡಂ ಸಾಲಿನಲ್ಲಿ ನಿಂತಳು. ಗುರುವಾರ ಬೆಳಿಗ್ಗೆ ಮಾತ್ರ, ಅದೂ ಅಂಚೆಯಮ್ಮನಿಗೆ ಮಾತ್ರ, ಐದು ವಾರ ಯಾವ ಅನಾಹುತವೂ ಆಗದಿದ್ದರೆ ಮುಂದೆ ಯೋಚಿಸೋಣ, ಅಲ್ಲಿಯವರೆಗೆ ಟವೆಲು ಮಡಿಸುವುದು ಮತ್ತು ಗಿರಾಕಿಗಳ ಸಮಯ ಬರೆದುಕೊಳ್ಳುವುದು ನೊರೆಯಕ್ಕನ ಕೆಲಸ ಎಂದಳು. ನೊರೆಯಕ್ಕನಿಗೆ ಅಷ್ಟೇ ಸಾಕಾಗಿತ್ತು. ಹೋದ ಜೀವ ಬಂದ ಹಾಗಾಯಿತು. ಅವತ್ತು ಮನೆಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ಕೈಗಳನ್ನು ಹೊರಗೆ ಬೀಸಿಕೊಂಡು ಹೋದಳು.

ಮುದುಕಿಯ ಸೂತ್ರವನ್ನು ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟವಾಯಿತು. ಹಿಟ್ಟನ್ನು ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ ಬಾಟಲಿಗೆ ತುಂಬಿಕೊಂಡಳು. ಒಂದೇ ಬಾಟಲಿ. ಎರಡನೆಯದನ್ನು ತರಲೇ ಇಲ್ಲ, ತಂದರೆ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತಿತ್ತು. ನೀರು ಎಷ್ಟು ಬಿಸಿಯಿದೆ ಎಂದು ಬೆರಳಿನಿಂದ ನೋಡದೆ ಮೊಣಕೈ ಮಡಿಕೆಯಿಂದ ನೋಡಿದಳು. ನೊರೆ ಹುಡುಕುವ ಕಣ್ಣನ್ನು ತಡೆಯಲು ಮೊದಲೆರಡು ಗುರುವಾರ ಕಣ್ಣು ಮುಚ್ಚಿಕೊಂಡೇ ತೊಳೆದಳು. ಹೀಗೆ ತೊಳೆಸಿಕೊಳ್ಳುವವರೂ ತೊಳೆಯುವವಳೂ ಇಬ್ಬರೂ ಕಣ್ಣು ಮುಚ್ಚಿದ್ದನ್ನು ಕಂಡು, ಒಳಗೆ ಇಬ್ಬರೂ ನಿದ್ದೆ ಮಾಡುತ್ತಿದ್ದಾರೆ ಎಂದು ಕತ್ತರಿ ಹಿಡಿದ ಹುಡುಗಿಯರು ನಕ್ಕರು. ನೊರೆ ಇಲ್ಲದ ಮೇಲೆ ತಲೆ ಶುದ್ಧವಾಯಿತೆಂದು ತಿಳಿಯಲು ಬೆರಳೊಂದೇ ದಾರಿ. ಕೂದಲನ್ನು ಹಿಡಿದು ಎಳೆದರೆ ಜಿಡ್ಡು ಇದೆಯೋ ಇಲ್ಲವೋ ಬೆರಳೇ ಹೇಳಬೇಕು. ಅವಳ ಬೆರಳಿಗೆ ಅದು ಮಂಜು ಮಂಜಾಗಿ ತಿಳಿಯುತ್ತಿತ್ತು. ಸರಿ ಹೋಯಿತಾ ಅಮ್ಮ ಎಂದು ಕೇಳುತ್ತಿದ್ದಳು. ಹೋಯಿತು ಎನ್ನುತ್ತಿದ್ದರು ಅಂಚೆಯಮ್ಮ.

ಮೂರನೆಯ ವಾರ ಪಕ್ಕದ ಕುರ್ಚಿಯ ಹೆಂಗಸೊಬ್ಬಳು, ತನಗೂ ಶಾಂಪೂ ಹಾಕಿದರೆ ತಲೆ ನವೆ, ತನಗೂ ಇದೇ ಆದೀತೇ ಎಂದು ಕೇಳಿದಳು. ಮೇಡಂ ಐದು ವಾರದ ಮಾತು ಮರೆತು ಹೂಂ ಎಂದಳು. ಮೊಣಕೈಗೆ ಹಚ್ಚಿ ಎರಡು ದಿನ ನೋಡಿ ಆಮೇಲೆ ಬನ್ನಿ ಎಂದು ನೊರೆಯಕ್ಕ ಡಾಕ್ಟರ ಹಾಗೆ ಅವಳನ್ನು ವಾಪಸು ಕಳುಹಿಸಿದಳು. ಆರನೆಯ ವಾರದ ಹೊತ್ತಿಗೆ ಗುರುವಾರಕ್ಕೆ ಏಳು ತಲೆ ಇದ್ದವು. ಮೇಡಂ ಹಳೆಯ ಬೇಸಿನ್ನಿನ ಪಕ್ಕ ಇನ್ನೊಂದನ್ನು ಕೂರಿಸಿ, ಶಾಂಪೂ ಬೇಕಾದವರಿಗೆ ಹೊಸಬಳೊಬ್ಬಳನ್ನು ನೇಮಿಸಿದಳು. ಹಳೆಯದು ನೊರೆಯಕ್ಕನಿಗೇ ಉಳಿಯಿತು. ನೊರೆಯಿಲ್ಲದವಳಿಗೆ ನೊರೆಯಕ್ಕ ಎಂಬ ಹೆಸರು ಯಾಕೆ, ಹಿಟ್ಟಿನಕ್ಕ ಎಂದು ಬದಲಾಯಿಸಿ ಎಂದು ಗಂಡ ಹೇಳಿದ. ಅತ್ತೆ, ಈ ಸಂಸಾರಕ್ಕೆ ಬಟ್ಟೆ ಸೋಪಿನ ಬೆಲೆ ಎಂದಿಗೂ ತಿಳಿಯುವುದಿಲ್ಲ ಎಂದರು.

ಒಂಬತ್ತನೆಯ ಗುರುವಾರ ಬೆಳಿಗ್ಗೆ ಅವಳು ಬಾಗಿಲ ಬಳಿ ಬಂದು, ಬೈಗುಳವನ್ನು ನಾಲಿಗೆ ತುದಿಯಲ್ಲಿ ಸಿದ್ಧ ಮಾಡಿಕೊಂಡೇ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಳು. ಟಿಣ್ ಎಂದಿತು. ಅವಳಿಗೆ ನಂಬಿಕೆಯಾಗಲಿಲ್ಲ. ಇನ್ನೊಂದು ಸಲ ಒತ್ತಿದಳು. ನಿಮ್ಮ ಹಾಜರಿ ಆಗಲೇ ದಾಖಲಾಗಿದೆ ಎಂದಿತು ಯಂತ್ರ. ಬೈಗುಳವನ್ನು ನುಂಗಿಕೊಂಡು ಒಳಗೆ ಹೋಗಿ, ಕಿಟಕಿಯ ಬೆಳಕಿಗೆ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಗಡುಸು ಚರ್ಮ ಯಾವಾಗ ಸುಲಿದು ಹೋಗಿತ್ತೋ, ತುದಿಗಳಲ್ಲಿ ಸಣ್ಣ ಸಣ್ಣ ಗೆರೆಗಳು ಕಾಣುತ್ತಿದ್ದವು.

ಹತ್ತೂವರೆಗೆ ಅಂಚೆಯಮ್ಮ ಬಂದು ಒರಗಿದರು, ಕಣ್ಣು ಮುಚ್ಚಿ, ಎಡಗಡೆ ಸ್ವಲ್ಪ ಮೆಲ್ಲಗೆ ಎಂದರು. ನೊರೆಯಕ್ಕ ನೀರು ಬಿಟ್ಟು, ಹಿಟ್ಟಿನ ತಿಳಿ ಸುರಿದು, ಹತ್ತೂ ಬೆರಳನ್ನು ಕೂದಲೊಳಗೆ ಇಳಿಸಿದಳು. ಎಡಗಿವಿಯ ಮೇಲೆ, ನಾಲ್ಕು ಬೆರಳು ಹಿಂದಕ್ಕೆ, ಅವಳ ಉಂಗುರದ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಕೂದಲ ಕೆಳಗೆ ಒಂದು ತಗ್ಗು ಗೆರೆ, ಬೆರಳಿನ ಗೆಣ್ಣಿನಷ್ಟು ಉದ್ದ. ಅಂಚುಗಳು ಸ್ವಲ್ಪ ಉಬ್ಬಿದ್ದವು. ಹದಿನೈದು ವರ್ಷ ವಾರಕ್ಕೊಮ್ಮೆ ತೊಳೆದ ತಲೆ, ಈ ಜಾಗದ ಮೇಲೆ ಅವಳ ಕೈ ಎಷ್ಟು ಸಲ ಓಡಾಡಿತ್ತೋ ಲೆಕ್ಕವಿಲ್ಲ, ಮೊದಲು ನೊರೆ ಅಡ್ಡ, ಆಮೇಲೆ ಗಡುಸು ಅಡ್ಡ, ಒಮ್ಮೆಯೂ ತಿಳಿದಿರಲಿಲ್ಲ.

"ಅಮ್ಮ, ಇಲ್ಲೊಂದು ಹಳೇ ಗಾಯ ಇದೆ," ಅಂದಳು.

ಅಂಚೆಯಮ್ಮ ಎಡಗೈ ಎತ್ತಿ ಆ ಜಾಗವನ್ನು ತಾವೂ ಮುಟ್ಟಿ ನೋಡಿದರು.

"ಕೆಲಸಕ್ಕೆ ಸೇರಿದ ಮೊದಲನೇ ವಾರ," ಅಂದರು. "ಪಾರ್ಸೆಲ್ ಇಡೋ ಕಪಾಟಿನ ಹಲಗೆ ಕಳಚಿ ತಲೆ ಮೇಲೆ ಬಿತ್ತು. ಹೇಳಿದ್ರೆ ಹೆಂಗಸರಿಗೆ ಈ ಕೆಲಸ ಆಗಲ್ಲ ಅಂತ ಮನೆಗೆ ಕಳಿಸ್ತಾರೆ ಅಂತ ಯಾರಿಗೂ ಹೇಳಲಿಲ್ಲ. ತುರುಬು ಕಟ್ಟಿ ಮುಚ್ಚಿಟ್ಟೆ. ಇಷ್ಟು ವರ್ಷದಲ್ಲಿ ಕಂಡುಹಿಡಿದವಳು ನೀನೊಬ್ಬಳೇ."

ನೊರೆಯಕ್ಕನಿಗೆ ಎದೆಯ ಮೇಲಿಂದ ಮಣಭಾರ ಇಳಿದ ಹಾಗಾಯಿತು. ಇನ್ನೂ ನೋಯುತ್ತದೆಯೇ ಎಂದು ಮಾತ್ರ ಕೇಳಿದಳು. ಇಲ್ಲ, ಎಂದೋ ವಾಸಿಯಾಯಿತು, ಮೆಲ್ಲಗೆ ಎನ್ನುವುದು ಬರೀ ಅಭ್ಯಾಸ ಎಂದರು ಅಂಚೆಯಮ್ಮ. ಆದರೂ ನೊರೆಯಕ್ಕ ಆ ಗೆರೆಯ ಉದ್ದಕ್ಕೂ ಬೆರಳ ತುದಿಯನ್ನು ಮೆಲ್ಲಗೇ ಆಡಿಸಿದಳು, ಮೊಣಕೈಯಿಂದ ನೋಡಿದ ಬೆಚ್ಚಗಿನ ನೀರನ್ನು ಅಲ್ಲಿಗೊಂದಿಷ್ಟು ಹೆಚ್ಚಾಗಿ ಬಿಟ್ಟಳು. ಆಮೇಲೆ ಬಲಗಡೆಯನ್ನು ತೊಳೆಯಲು ಶುರು ಮಾಡಿದಳು. ಅವತ್ತು, ಸರಿ ಹೋಯಿತಾ ಅಮ್ಮ ಎಂದು ಕೇಳಲಿಲ್ಲ.